ಕ್ಯಾರೆಟ್, ಬೀಟ್ರೂಟ್ ಕುರಿಗೆ ಹಾಕುವವರು ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಚಳಿಗೆ ಹಸಿಮೇವು ಕಡಿಮೆಯಾಗಿದೆ. ಮಾಲೂರು ಕಡೆ ತೋಟದಲ್ಲಿ ಆರಿಸಿ ಬಿಟ್ಟ ಕ್ಯಾರೆಟ್, ಬೀಟ್ರೂಟ್ ಈಗ ಸುಮಾರು ಜನ ತರುತ್ತಿದ್ದೇವೆ. ಒಳ್ಳೆಯದೇ. ಆದರೆ ಇಡೀ ಗೆಡ್ಡೆ ಹಾಕಬೇಡಿ. ಮೊನ್ನೆ ನಮ್ಮ ಮರಿಯೊಂದರ ಗಂಟಲಲ್ಲಿ ತುಂಡು ಸಿಕ್ಕಿಕೊಂಡಿತು. ಕತ್ತು ಚಾಚಿ, ಜೊಲ್ಲು ಸುರಿಸುತ್ತಾ ನಿಂತಿತ್ತು ಪಾಪ. ಎಡಗಡೆ ಹೊಟ್ಟೆ ಉಬ್ಬುತ್ತಲೇ ಇತ್ತು. ಡಾಕ್ಟರ್ ಬೇಗ ಬಂದರು, ಉಳಿಯಿತು. ದುಂಡಗೆ ಕತ್ತರಿಸಬೇಡಿ, ಬೆರಳಿನ ಹಾಗೆ ಉದ್ದಕ್ಕೆ ಸೀಳಿ. ಮಣ್ಣು ತೊಳೆದು ಹಾಕಿ.

ಕ್ಯಾರೆಟ್‌ನಲ್ಲಿ 100ಕ್ಕೆ 88 ಪಾಲು ನೀರೇ, ಪ್ರೋಟೀನ್ ತೀರಾ ಕಡಿಮೆ. ಅದೊಂದನ್ನೇ ತಿಂದರೆ ಗಬ್ಬದ ಕುರಿ ಸೊರಗುತ್ತದೆ. ಮೊದಲು ರಾಗಿ ಹುಲ್ಲು, ಹುರುಳಿ ಹೊಟ್ಟು, ಸ್ವಲ್ಪ ಶೇಂಗಾ ಹಿಂಡಿ. ಆಮೇಲೆ ಗೆಡ್ಡೆ. ಮೊದಲ ದಿನ ಒಂದು ಹಿಡಿ ಸಾಕು, 10-15 ದಿನದಲ್ಲಿ ನಿಧಾನವಾಗಿ ಹೆಚ್ಚಿಸಿ. ಒಮ್ಮೆಲೇ ಬುಟ್ಟಿಗಟ್ಟಲೆ ಸುರಿದರೆ ಅದರ ಸಕ್ಕರೆಗೆ ಹೊಟ್ಟೆ ಹುಳಿಯಾಗಿ ಭೇದಿ ಶುರುವಾಗುತ್ತದೆ. ಕೊಳೆತದ್ದು, ಬೂಷ್ಟು ಹಿಡಿದದ್ದು, ಹಸಿರು ತಿರುಗಿದ ಆಲೂಗಡ್ಡೆ ಬೇಡವೇ ಬೇಡ. ಬೀಟ್ರೂಟ್ ಸೊಪ್ಪೂ ಮಿತಿಯಲ್ಲಿರಲಿ.

ಈ ವಾರ ಯಾರಾದರೂ ಲೋಡ್ ತರಿಸುತ್ತಿದ್ದರೆ ಇಲ್ಲೇ ತಿಳಿಸಿ, ನಮಗೂ ಎರಡು ಮೂಟೆ ಬೇಕು.