ವಾರಪತ್ರಿಕೆಗೆ ಅವಸರ, ನಿನ್ನ ಹಾಡಿಗೆ ಬೇಡ

ಪ್ರೀತಿಯ ಗೆಳೆಯ,

ನಿಮ್ಮ ತಂಡದ ಬಗ್ಗೆ ಬಂದಿದೆ ಅಂತ ನೀನು ಕಳಿಸಿದ ಲೇಖನ ಓದಿದೆ. ಫೋಟೊ ಚೆನ್ನಾಗಿ ಬಂದಿದೆ. ನಮ್ಮ ಡ್ರಮ್ಮರ್ ಸಾಹೇಬರು ಆ ನೀಲಿ ಸ್ವೆಟರನ್ನು ಇನ್ನೂ ಬಿಟ್ಟಿಲ್ಲ. ಸಾಗರದ ಆ ಮದುವೆ ನೆನಪಾಗಿ ಒಬ್ಬನೇ ಕೂತು ನಕ್ಕೆ. ಬೆಂಗಳೂರಿನಲ್ಲಿ ಹೊಸ ಸೈಕೆಡೆಲಿಕ್ ಅಲೆ, ಅಂದರೆ ಕನಸಿನಂತೆ ತೇಲಿಸುವ ರಾಕ್ ಸಂಗೀತದ ಅಲೆ, ಎದ್ದಿದೆ ಅಂತ ತಲೆಬರಹ, ಕೆಳಗೆ ನಾಲ್ಕು ತಂಡಗಳ ಹೆಸರು, ಅದರಲ್ಲಿ ಮೊದಲನೆಯದೇ ನಿಮ್ಮದು. ಅಭಿನಂದನೆ ಮಾರಾಯ. ಮನಸಾರೆ.

ಅಭಿನಂದನೆಯನ್ನು ವಾಟ್ಸಾಪಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ಓದಿದ ಮೇಲೆ ಶುರುವಾದ ಒಂದು ತಳಮಳ ಇನ್ನೂ ಹೋಗಿಲ್ಲ. ಅದು ನಿನ್ನೊಬ್ಬನಿಗೆ ಹೇಳುವ ಮಾತಲ್ಲ. ನಿನ್ನ ಬಗ್ಗೆ ಬರೆಯುವವರೂ ಕೇಳಬೇಕು, ನಿನ್ನ ಹಾಡು ಕೇಳುವವರೂ ಕೇಳಬೇಕು. ಅದಕ್ಕೇ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಬರೆಯುತ್ತಿದ್ದೇನೆ.

ಇಂಗ್ಲೆಂಡಿನಲ್ಲಿ ನಾನಿರುವ ರೆಡಿಂಗ್ ಊರು ನಿನಗೆ ಗೊತ್ತೇ ಇದೆ. ಥೇಮ್ಸ್ ದಂಡೆ, ಒಂದು ಕಾಲದಲ್ಲಿ ಹಂಟ್ಲಿ ಅಂಡ್ ಪಾಮರ್ಸ್ ಬಿಸ್ಕತ್ತು, ಈಗ ನಮ್ಮಂಥವರ ಸಾಫ್ಟ್‌ವೇರ್ ಕಚೇರಿಗಳು. ಸ್ಲೋಡೈವ್ ಎಂಬ ರಾಕ್ ತಂಡ ಹುಟ್ಟಿದ್ದು ಇದೇ ಊರಿನಲ್ಲಿ, 1989ರಲ್ಲಿ. ಚಿಕ್ಕಂದಿನಿಂದ ಜೊತೆಗಿದ್ದ ರೇಚಲ್ ಗಾಸ್‌ವೆಲ್ ಮತ್ತು ನೀಲ್ ಹಾಲ್‌ಸ್ಟೆಡ್ ಕಟ್ಟಿದ ತಂಡ ಅದು. ನನ್ನ ಕಚೇರಿಯ ಹಿರಿಯರೊಬ್ಬರು ಆ ಕಾಲದಲ್ಲಿ ಕಾಲೇಜು ಹುಡುಗ. ಅಟ್ಟದ ಮೇಲಿಟ್ಟಿದ್ದ ಮೆಲಡಿ ಮೇಕರ್, ಎನ್‌ಎಂಇ ಎಂಬ ಸಂಗೀತ ವಾರಪತ್ರಿಕೆಗಳ ಪೆಟ್ಟಿಗೆಯೊಂದನ್ನು ಓದಲು ಕೊಟ್ಟಿದ್ದಾರೆ. ಹಳದಿಗಟ್ಟಿದ ಅಗ್ಗದ ಕಾಗದ. ಹಿಂದಿನ ಪುಟಗಳ ತುಂಬ ಇರುವೆ ಸಾಲಿನಂತಹ ಅಕ್ಷರಗಳಲ್ಲಿ ಊರೂರಿನ ಕಾರ್ಯಕ್ರಮದ ಪಟ್ಟಿ, 'ಡ್ರಮ್ಮರ್ ಬೇಕಾಗಿದ್ದಾರೆ' ಅನ್ನುವ ಜಾಹೀರಾತು. ಮುಂದಿನ ಪುಟದಲ್ಲಿ ಮಾತ್ರ ಪ್ರತಿ ವಾರವೂ ಲೋಕವೇ ಬದಲಾಗಿ ಹೋಗಿದೆ.

ನಿನ್ನ ಲೇಖನ ಬಂದಿದ್ದು ನಾನು ಈ ಪೆಟ್ಟಿಗೆಯಲ್ಲಿ ಮುಳುಗಿದ್ದಾಗಲೇ.

1990ರ ಸುತ್ತ ಇಲ್ಲಿ ಆದದ್ದು ಇಷ್ಟು. ಆಕ್ಸ್‌ಫರ್ಡಿನಿಂದ ರೈಡ್, ರೆಡಿಂಗಿನಿಂದ ಸ್ಲೋಡೈವ್, ಲಂಡನ್ನಿನಿಂದ ಲಶ್, ಮೂಸ್ ಹೀಗೆ ಕೆಲವು ತಂಡಗಳು ಗಿಟಾರನ್ನು ಸದ್ದು ಬದಲಿಸುವ ಪೆಡಲುಗಳ ಮೂಲಕ ಹಾಯಿಸಿ, ಹಾಡುವ ದನಿಯನ್ನೂ ಆ ಮೊರೆತದೊಳಗೇ ಕರಗಿಸಿ ನುಡಿಸತೊಡಗಿದವು. ಅರವತ್ತರ ದಶಕದ ಸೈಕೆಡೆಲಿಯಾ ಮತ್ತೊಮ್ಮೆ ಬಂದಂತಿತ್ತು, ಈ ಸಲ ಇನ್ನೂ ಮಬ್ಬಾಗಿ. ಈ ತಂಡಗಳಿಗೆಲ್ಲ ದಾರಿ ತೋರಿಸಿದ್ದು ಮೈ ಬ್ಲಡಿ ವ್ಯಾಲೆಂಟೈನ್. ಅದರ ಕೆವಿನ್ ಶೀಲ್ಡ್ಸ್ ನುಡಿಸುವುದನ್ನು ನಾವಿಬ್ಬರೂ ಎಷ್ಟು ಸಲ ನಿಲ್ಲಿಸಿ ನಿಲ್ಲಿಸಿ ನೋಡಿದ್ದೇವೆ! ಜಾಝ್‌ಮಾಸ್ಟರ್ ಗಿಟಾರಿನಲ್ಲಿ ಟ್ರೆಮೊಲೊ ಆರ್ಮ್ ಎಂಬ ಲೋಹದ ಕಡ್ಡಿ ಇರುತ್ತದಲ್ಲ, ಸಾಮಾನ್ಯವಾಗಿ ಸ್ವರ ಬಾರಿಸಿದ ಮೇಲೆ ಅದನ್ನೊಮ್ಮೆ ಒತ್ತಿ ಬಿಡುತ್ತಾರೆ. ಈತ ಕಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ತಂತಿ ಮೀಟುತ್ತಾನೆ. ಇಡೀ ಕಾರ್ಡ್, ಅಂದರೆ ಒಟ್ಟಿಗೆ ನುಡಿಸಿದ ಸ್ವರಗಳ ಗುಂಪು, ತನ್ನ ಜಾಗದಿಂದ ಒಂದಿಷ್ಟು ಕೆಳಗೆ ಜಾರಿ, ತೇಲಿ, ಮತ್ತೆ ಬಂದು ಕೂರುತ್ತದೆ. 'ಇವನಿಗೆ ಯಾರೋ ಮೀಂಡ್ ಹೇಳಿಕೊಟ್ಟಿದ್ದಾರೆ ಕಣೋ' ಅಂತ ನೀನು, ಸ್ವರದಿಂದ ಸ್ವರಕ್ಕೆ ಜಾರುವ ನಮ್ಮ ಹಿಂದೂಸ್ತಾನಿ ಮೀಂಡ್ ನೆನೆದು, ಅಂದಿದ್ದೆ. 'ಲವ್‌ಲೆಸ್' ಆಲ್ಬಮ್ಮಿಗೆ ಅವರು ತೆಗೆದುಕೊಂಡಿದ್ದು ಎರಡು ವರ್ಷಕ್ಕೂ ಹೆಚ್ಚು, ಹತ್ತಿ ಇಳಿದದ್ದು 19 ಸ್ಟುಡಿಯೊಗಳ ಮೆಟ್ಟಿಲು. ಕೇಳಿದರೆ ಗೊತ್ತಾಗುತ್ತದೆ, ಅಷ್ಟು ಕಾಲ ಅದಕ್ಕೆ ಬೇಕೇ ಬೇಕಿತ್ತು.

ಪತ್ರಿಕೆಗಳಿಗೆ ಅಷ್ಟು ಕಾಲ ಇರಲಿಲ್ಲ. ಎನ್‌ಎಂಇ, ಮೆಲಡಿ ಮೇಕರ್, ಸೌಂಡ್ಸ್: ಮೂರು ವಾರಪತ್ರಿಕೆಗಳು, ಒಂದೊಂದಕ್ಕೂ ವರ್ಷಕ್ಕೆ ಸುಮಾರು 50 ಮುಖಪುಟ ತುಂಬಿಸಬೇಕು. ಒಂದು ತಂಡ ಚೆನ್ನಾಗಿದೆ ಅಂದರೆ ಅದು ಒಂದು ವಾರದ ಸರಕು. ನಾಲ್ಕು ತಂಡ ಸೇರಿಸಿ 'ಹೊಸ ಸೀನ್' ಅಂದರೆ ಒಂದು ಋತುವಿಗೆ ಸಾಕಾಗುವಷ್ಟು ಸರಕು. ಈ ಹುಡುಗ ಹುಡುಗಿಯರು ಪರಸ್ಪರ ಕಚ್ಚಾಡುತ್ತಿರಲಿಲ್ಲ, ಒಬ್ಬರ ಕಾರ್ಯಕ್ರಮಕ್ಕೆ ಇನ್ನೊಬ್ಬರು ಹೋಗಿ ನಿಂತು ಕೇಳುತ್ತಿದ್ದರು, ಆಮೇಲೆ ಒಟ್ಟಿಗೆ ಕುಡಿಯುತ್ತಿದ್ದರು. ಅದಕ್ಕೆ ಮೆಲಡಿ ಮೇಕರಿನ ಸ್ಟೀವ್ ಸದರ್‌ಲೆಂಡ್ ಇಟ್ಟ ಹೆಸರು, 'ತನ್ನನ್ನು ತಾನೇ ಸಂಭ್ರಮಿಸುವ ಸೀನ್'. ಸ್ನೇಹವನ್ನೂ ಚುಚ್ಚಬಹುದು ಅಂತ ಅವತ್ತು ಯಾರಿಗೆ ಹೊಳೆಯಿತೋ! ಶೂಗೇಝ್, ಅಂದರೆ ಬೂಟು ದಿಟ್ಟಿಸುವುದು, ಎಂಬ ಇನ್ನೊಂದು ಹೆಸರು ಸೌಂಡ್ಸ್ ಪತ್ರಿಕೆಯಲ್ಲಿ ಬಂದ ಮೂಸ್ ತಂಡದ ಕಾರ್ಯಕ್ರಮದ ವಿಮರ್ಶೆಯಿಂದ ಹುಟ್ಟಿತು ಅಂತಾರೆ. ಗಾಯಕ ಸಾಲುಗಳನ್ನು ಬರೆದ ಹಾಳೆಯನ್ನು ವೇದಿಕೆಯ ನೆಲಕ್ಕೆ ಅಂಟಿಸಿಕೊಂಡು ಅದನ್ನು ನೋಡಿಕೊಂಡು ಹಾಡಿದ್ದನಂತೆ. ಪಾಪ, ಸಾಲು ಮರೆಯದಿರಲಿ ಅಂತ ತಲೆ ತಗ್ಗಿಸಿದವನಿಂದ ಒಂದು ಇಡೀ ಪೀಳಿಗೆಗೆ ಆ ಹಣೆಪಟ್ಟಿ ಅಂಟಿತು.

ಸ್ಲೋಡೈವ್ ಕಥೆ ನನ್ನನ್ನು ಬಿಡುತ್ತಿಲ್ಲ. 1990ರ ಕೊನೆಯಲ್ಲಿ ಮೊದಲ ಇಪಿ, ಅಂದರೆ ಕೆಲವೇ ಹಾಡುಗಳ ಸಣ್ಣ ರೆಕಾರ್ಡ್, ಬಂದಾಗ ಅವರಿಗೆ ಇಪ್ಪತ್ತರ ಆಸುಪಾಸು. ಪತ್ರಿಕೆಗಳು ಎತ್ತಿ ಕುಣಿದಾಡಿದವು, ವಾರದ ಶ್ರೇಷ್ಠ ಸಿಂಗಲ್ ಅಂದವು. ಮೊದಲ ಆಲ್ಬಮ್ 'ಜಸ್ಟ್ ಫಾರ್ ಎ ಡೇ' 1991ರ ಸೆಪ್ಟೆಂಬರಿನಲ್ಲಿ ಬಂತು. ಅದೇ ತಿಂಗಳು ಅಮೆರಿಕದಿಂದ ನಿರ್ವಾಣಾ ತಂಡದ 'ನೆವರ್‌ಮೈಂಡ್' ಬಂದು ಎಲ್ಲರ ಕುತ್ತಿಗೆ ಆ ಕಡೆ ತಿರುಗಿತು. 1992ರ ಏಪ್ರಿಲಿನಲ್ಲಿ ಸ್ವೇಡ್ ತಂಡದ ಒಂದೇ ಒಂದು ಸಿಂಗಲ್ ಹೊರಬರುವ ಮುಂಚೆ ಅವರನ್ನು ಮೆಲಡಿ ಮೇಕರ್ ಮುಖಪುಟದಲ್ಲಿ ಬ್ರಿಟನ್ನಿನ ಅತ್ಯುತ್ತಮ ಹೊಸ ತಂಡ ಅಂತ ಸಾರಿತು. ಆ ಹೊತ್ತಿಗೆ ಸ್ಲೋಡೈವ್‌ನವರು ಹಳಬರು. ಇಪ್ಪತ್ತು ಇಪ್ಪತ್ತೊಂದಕ್ಕೆ ಹಳಬರು! ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್‌ನ ರಿಚಿ ಎಡ್ವರ್ಡ್ಸ್, ಹಿಟ್ಲರ್‌ಗಿಂತ ಸ್ಲೋಡೈವ್ ಮೇಲೆ ನಮಗೆ ಹೆಚ್ಚು ದ್ವೇಷ ಅಂತ ಹೇಳಿಕೊಂಡು ತಿರುಗಿದ. 1993ರಲ್ಲಿ ಎರಡನೆಯ ಆಲ್ಬಮ್ 'ಸೌವ್ಲಾಕಿ' ಬಂತು. ಅದರಲ್ಲಿ ಹೆಸರಾಂತ ಸಂಗೀತಗಾರ ಬ್ರಯನ್ ಈನೊ ಕೈ ಇದೆ, ಹಾಲ್‌ಸ್ಟೆಡ್ ಮತ್ತು ಗಾಸ್‌ವೆಲ್ ನಡುವಿನ ಪ್ರೀತಿ ಮುರಿದ ನೋವಿದೆ. ಮೆಲಡಿ ಮೇಕರಿನ ವಿಮರ್ಶಕ ಬರೆದದ್ದು, ಇದನ್ನು ಇನ್ನೊಮ್ಮೆ ಕೇಳುವುದಕ್ಕಿಂತ ಸ್ನಾನದ ತೊಟ್ಟಿ ತುಂಬ ಓಟ್ಸ್ ಗಂಜಿ ಸುರಿದು ಅದರಲ್ಲಿ ಉಸಿರುಕಟ್ಟಿ ಸಾಯುವುದು ವಾಸಿ ಅಂತ. 1995ರಲ್ಲಿ ಮೂರನೆಯ ಆಲ್ಬಮ್ 'ಪಿಗ್ಮೇಲಿಯನ್' ಬಂದ ಕೆಲವೇ ದಿನಗಳಲ್ಲಿ ಅವರ ಆಲ್ಬಮ್ ಹೊರತರುತ್ತಿದ್ದ ಕ್ರಿಯೇಷನ್ ಕಂಪನಿ ಅವರನ್ನು ಕೈಬಿಟ್ಟಿತು. ಅಷ್ಟರಲ್ಲಿ ಆ ಕಂಪನಿಗೆ ಒಯಾಸಿಸ್ ಎಂಬ ಜನಪ್ರಿಯ ತಂಡ ಸಿಕ್ಕಿತ್ತು.

ಗೆಳೆಯ, ಆ ಗಂಜಿಯ ಸಾಲನ್ನು ಓದಿ ನಾನು ಪತ್ರಿಕೆ ಮಡಚಿಟ್ಟೆ. ಬರೆದವನಿಗೆ ಅದು ಒಂದು ಮಧ್ಯಾಹ್ನದ ಕೆಲಸ.

ಪತ್ರಿಕೆಗಳನ್ನು ಬೈಯಲು ಕೂತಿಲ್ಲ ನಾನು. ಇಂಟರ್ನೆಟ್ ಇಲ್ಲದ ಕಾಲದಲ್ಲಿ ಸಣ್ಣ ಊರಿನ ಹುಡುಗನಿಗೆ ಇಂಥದ್ದೊಂದು ಸದ್ದು ಇದೆ ಅಂತ ಹೇಳುತ್ತಿದ್ದದ್ದು ರೇಡಿಯೊದ ಜಾನ್ ಪೀಲ್ ಮತ್ತು ಈ ವಾರಪತ್ರಿಕೆಗಳು. ನನಗೆ ಪೆಟ್ಟಿಗೆ ಕೊಟ್ಟವರು ಎನ್‌ಎಂಇ ಓದಿಯೇ ಕಿಸೆಯಲ್ಲಿದ್ದ ದುಡ್ಡೆಲ್ಲ ಸುರಿದು ರೈಡ್ ತಂಡದ 'ನೋವೇರ್' ತಂದವರು. ಬರೆಯುವವರಲ್ಲಿ ನಿಜವಾದ ಪ್ರೀತಿ ಇತ್ತು, ಸಾಲು ಸಾಲಿನಲ್ಲಿ ಕಾಣುತ್ತದೆ. ಆದರೆ ಆ ಪ್ರೀತಿಗೆ ಏಳು ದಿನದ ಗಡುವು. ಸೈಕೆಡೆಲಿಕ್ ಸಂಗೀತದ ಸ್ವಭಾವವೇ ಬೇರೆ. ಬೀಟಲ್ಸ್ 1966ರಲ್ಲಿ 'ಟುಮಾರೊ ನೆವರ್ ನೋಸ್' ಹಾಡಿಗೆ ನಮ್ಮ ತಂಬೂರಿಯ ಶ್ರುತಿ ಹಿಡಿದು, ಹೆಚ್ಚುಕಮ್ಮಿ ಒಂದೇ ಕಾರ್ಡಿನ ಮೇಲೆ ಇಡೀ ಹಾಡು ನಿಲ್ಲಿಸಿದಾಗಿನಿಂದಲೂ ಇದು ಕೇಳುವವನನ್ನು ಒಂದೇ ಕಡೆ ಕೂರಿಸುವ ಸಂಗೀತ. ಮೊದಲ ಸಲ ಏನೂ ಆಗುವುದಿಲ್ಲ. ಹತ್ತನೆಯ ಸಲ ಕೇಳುವಾಗ ಎಲ್ಲೋ ಹಿಂದೆ ಒಂದು ದನಿ ಇತ್ತು ಅಂತ ಗೊತ್ತಾಗುತ್ತದೆ. ಅಂಥ ಸಂಗೀತವನ್ನು ಸೋಮವಾರ ಕೇಳಿ ಮಂಗಳವಾರ ತೀರ್ಪು ಕೊಟ್ಟರೆ ಹೊಗಳಿಕೆಯೂ ಅರ್ಧ, ತೆಗಳಿಕೆಯೂ ಅರ್ಧ.

ಅಲೆ ಎಬ್ಬಿಸುವ ಕೆಲಸ ಆಮೇಲೂ ನಿಲ್ಲಲಿಲ್ಲ. 2012ರಲ್ಲಿ ಒಂದು ಕಾಲದಲ್ಲಿ ಬೂಟು ಹೊಲಿಗೆಗೆ ಹೆಸರಾಗಿದ್ದ ಕೆಟರಿಂಗ್ ಎಂಬ ಊರಿನಿಂದ ಟೆಂಪಲ್ಸ್ ತಂಡ ಬಂದಾಗ ಮತ್ತೆ ಬ್ರಿಟಿಷ್ ಸೈಕೆಡೆಲಿಯಾ ಮರುಹುಟ್ಟಿನ ಮಾತು. ಜೇಮ್ಸ್ ಬ್ಯಾಗ್‌ಶಾ ಮನೆಯ ಕೋಣೆಯಲ್ಲೇ ರೆಕಾರ್ಡ್ ಮಾಡಿದ್ದು, ಹೆವನ್ಲಿ ಕಂಪನಿ ಎತ್ತಿಕೊಂಡಿದ್ದು, ಒಯಾಸಿಸ್‌ನಲ್ಲಿದ್ದ ನೋಯೆಲ್ ಗ್ಯಾಲಗರ್, ದಿ ಸ್ಮಿತ್ಸ್‌ನಲ್ಲಿದ್ದ ಜಾನಿ ಮಾರ್ ಹೊಗಳಿದ್ದು, ಮೊದಲ ಆಲ್ಬಮ್ 'ಸನ್ ಸ್ಟ್ರಕ್ಚರ್ಸ್' 2014ರಲ್ಲಿ ಬ್ರಿಟಿಷ್ ಮಾರಾಟದ ಪಟ್ಟಿಯ ಮೊದಲ ಹತ್ತರೊಳಗೆ ಬಂದದ್ದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಹೊಗಳಿದವರ ಗಮನ ಬೇರೆ ಕಡೆ ಹೋದ ಮೇಲೂ ಅವರು ನುಡಿಸುತ್ತಲೇ ಬಂದರು, 2023ರಲ್ಲಿ ನಾಲ್ಕನೆಯ ಆಲ್ಬಮ್ ಬಂತು. ಎನ್‌ಎಂಇ ಮುದ್ರಿತ ವಾರಪತ್ರಿಕೆಯೇ 2018ರಲ್ಲಿ ನಿಂತಿತು.

ಸ್ಲೋಡೈವ್ 2014ರಲ್ಲಿ ಬಾರ್ಸಿಲೋನಾದ ಪ್ರೀಮಾವೆರಾ ಉತ್ಸವದಲ್ಲಿ ಮತ್ತೆ ವೇದಿಕೆ ಹತ್ತಿದರು. ಮುಂದೆ ನಿಂತು ಕೇಳುವವರಲ್ಲಿ ಈಗ 'ಸೌವ್ಲಾಕಿ' ಬಂದಾಗ ಹುಟ್ಟೇ ಇರದಿದ್ದ ಮಕ್ಕಳೂ ಇರುತ್ತಾರೆ. ಅವರ ಮೊದಲ ಆಲ್ಬಮ್ ಬ್ರಿಟಿಷ್ ಮಾರಾಟದ ಪಟ್ಟಿಯಲ್ಲಿ 32ನೇ ಜಾಗಕ್ಕೆ ಬಂದು ನಿಂತಿತ್ತು. 2023ರ ಆಲ್ಬಮ್ ಮೊದಲ ಹತ್ತರೊಳಗೆ ಹೋಯಿತು. ಒಳ್ಳೆಯದೇ ಆಯಿತಲ್ಲ ಅಂತ ನೀನು ಅನ್ನಬಹುದು. ನನಗೆ ಕಾಣುವುದು ನಡುವಿನ ಹತ್ತೊಂಬತ್ತು ವರ್ಷ. ಇಪ್ಪತ್ತೈದರ ಆಸುಪಾಸಿನಿಂದ ನಲವತ್ತು ದಾಟುವವರೆಗೆ ಈ ತಂಡ ಕೂಡಿ ಮಾಡಬಹುದಾಗಿದ್ದ ಹಾಡುಗಳು ಎಲ್ಲಿ? ಹಾಲ್‌ಸ್ಟೆಡ್, ಗಾಸ್‌ವೆಲ್ ಮೊಹಾವಿ 3 ಎಂಬ ಇನ್ನೊಂದು ತಂಡದಲ್ಲಿ ಒಳ್ಳೆಯ ಹಾಡುಗಳನ್ನೇ ಮಾಡಿದರು, ಇಲ್ಲ ಅನ್ನುತ್ತಿಲ್ಲ. ಆದರೂ 'ಪಿಗ್ಮೇಲಿಯನ್' ತೋರಿಸಿದ ಆ ದಾರಿಯಲ್ಲಿ ಮುಂದಿನ ಹೆಜ್ಜೆ ಯಾವುದಿತ್ತು ಅಂತ ಇನ್ನು ಯಾರಿಗೂ ತಿಳಿಯುವುದಿಲ್ಲ.

ಈಗ ನಿನ್ನ ವಿಷಯ. ಲೇಖನ ನೋಡಿದಾಗ ನನಗೆ ಮೊದಲು ಆದದ್ದು ಭಯ, ಸಂತೋಷ ಆಮೇಲೆ ಬಂತು. ಅವರು ನಿಮ್ಮ ಹಾಡಿನ ಬಗ್ಗೆ ಬರೆದದ್ದು ಎರಡು ಸಾಲು, ಅಲೆಯ ಬಗ್ಗೆ ಎರಡು ಪುಟ. ನಾಳೆ ಅಲೆ ಇಳಿಯಿತು ಅಂತ ಬರೆಯುವಾಗಲೂ ನಿಮ್ಮ ಹಾಡನ್ನು ಯಾರೂ ಕೇಳಿರುವುದಿಲ್ಲ. ನೀನು ಹೊರಗೆ ಬಂಡೆಯಂತೆ ಕಂಡರೂ ಒಂದು ಮಾತು ನಿನ್ನೊಳಗೆ ಎಷ್ಟು ದಿನ ಕೂರುತ್ತದೆ ಅಂತ ನನಗೆ ಗೊತ್ತು. ಆ ಸ್ಪರ್ಧೆಯ ತೀರ್ಪುಗಾರರ ಮಾತಿನ ನಂತರ ನೀನು ಗಿಟಾರನ್ನು ಮಂಚದಡಿ ತಳ್ಳಿ ಎಷ್ಟು ಕಾಲ ಮುಟ್ಟಲಿಲ್ಲ ಅಂತ ನಿನ್ನ ಅಕ್ಕನಿಗೂ ಗೊತ್ತು, ನನಗೂ ಗೊತ್ತು.

ಇನ್ನೊಂದು ಇದೆ. ಊರಿನ ನಿಮ್ಮ ಮನೆಯ ಹಿಂದಿನ ಜಗಲಿಯಲ್ಲಿ, ಅತ್ತೆಯ ಶ್ರುತಿ ಪೆಟ್ಟಿಗೆ ಹಾಕಿ ಅದರ ಮೇಲೆ ನೀನು ಗಿಟಾರ್ ನುಡಿಸಿದ್ದು ನನ್ನ ಫೋನಿನಲ್ಲಿದೆ. ಮಳೆ ಸದ್ದು, ನಡುವೆ ಯಾರೋ ಕಾಫಿಗೆ ಕರೆದದ್ದು, ಎಲ್ಲ ಸೇರಿ. ಅಪ್ಪ ತೀರಿಕೊಂಡಾಗ ನಾನು ಇಲ್ಲಿಂದ ಹೊರಡಲಾಗದೆ ಕೂತಿದ್ದೆನಲ್ಲ, ಅಂತ್ಯಕ್ರಿಯೆಯನ್ನು ಫೋನಿನಲ್ಲೇ ನೋಡಿದ ಆ ರಾತ್ರಿ ನಾನು ಕೇಳಿದ್ದು ಅದೊಂದನ್ನೇ. ಬೆಳಗಾಗುವವರೆಗೆ. ಬೇರೆ ಯಾವ ಹಾಡಿಗೂ ಆ ರಾತ್ರಿ ನನ್ನ ಜೊತೆ ಕೂರುವಷ್ಟು ತಾಳ್ಮೆ ಇರಲಿಲ್ಲ. ಇದನ್ನು ನಿನಗೆ ಇದುವರೆಗೆ ಹೇಳಿಲ್ಲ, ಈ ಪತ್ರ ಶುರು ಮಾಡುವಾಗ ಹೇಳುವ ಯೋಚನೆಯೂ ಇರಲಿಲ್ಲ. ನಿನ್ನ ಸಂಗೀತಕ್ಕೆ ಏನಾದರೂ ಆದರೆ ಅನ್ನುವ ಭಯ ಎಲ್ಲಿಂದ ಬಂತು ಅಂತ ಬರೆಯುತ್ತಾ ಬರೆಯುತ್ತಾ ತಿಳಿಯಿತು, ಅಷ್ಟೆ.

ಸರಿ, ಸಾಕು. ಅಕ್ಕ ಇದನ್ನು ಓದಿದರೆ ಈಗಲೇ ಫೋನ್ ಮಾಡುತ್ತಾರೆ, ಇಲ್ಲಿ ರಾತ್ರಿ ಎರಡು ಗಂಟೆ ಅಂತ ಅವರಿಗೆ ಹೇಳು. ಡ್ರಮ್ಮರ್ ಸಾಹೇಬರಿಗೆ ಗಣಪಯ್ಯನ ಬ್ರೇಕ್ ಕೇಳಿದೆ ಅಂತ ತಿಳಿಸು, ಅವರಿಗೆ ಅರ್ಥವಾಗುತ್ತದೆ. ಮುಂದಿನ ಸಲ ಸಂದರ್ಶನಕ್ಕೆ ಬಂದವರು ಅಲೆಯ ಬಗ್ಗೆ ಕೇಳಿದರೆ ಜೋಗದ ಬಗ್ಗೆ ಮಾತಾಡು, ಎಷ್ಟು ಬೇಕಾದರೂ ಮಾತಾಡಬಹುದು.

ಆಮೇಲೆ ಆ ಹೊಸ ಹಾಡು. ಮೊದಲ ನಾಲ್ಕು ನಿಮಿಷ ಬರೀ ಶ್ರುತಿಯೇ ಇದೆ, ರೇಡಿಯೊದವರು ಕತ್ತರಿಸಲು ಹೇಳುತ್ತಿದ್ದಾರೆ ಅಂದೆಯಲ್ಲ, ಕತ್ತರಿಸಬೇಡ. ಮಿಕ್ಸ್ ಆಗದಿದ್ದರೂ ಪರವಾಗಿಲ್ಲ, ಈಗಿರುವ ಹಾಗೆಯೇ ಕಳಿಸು. ಶನಿವಾರ ನನಗೆ ರಜೆ.

ನಿನ್ನ,
ಹಳೇ ಬಸ್ ಸ್ಟ್ಯಾಂಡಿನ ಸೀನಿಯರ್ ಮೋಸ್ಟ್ ಶ್ರೋತೃ