ಅಧ್ಯಕ್ಷರ ಸಹಿಯಷ್ಟೇ ನೀತಿಯಲ್ಲ

ಮಾನ್ಯರೇ,

ಅಧ್ಯಕ್ಷರು ಬದಲಾದ ಕೂಡಲೇ ಅಮೆರಿಕದ ವಿದೇಶಾಂಗ ನೀತಿಯೇ ತಲೆಕೆಳಗಾಗುತ್ತದೆ ಎಂದು ಸುಮ್ನೆ ಹೇಳಿಬಿಡುತ್ತೇವೆ. ಅಷ್ಟು ಸಲೀಸಲ್ಲ. ಅಲ್ಲಿನ ಸಂವಿಧಾನದ ಪ್ರಕಾರ ಅಂತರರಾಷ್ಟ್ರೀಯ ಸಂಧಿಗೆ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಮೂರನೇ ಎರಡರಷ್ಟು ಮತ ಬೇಕು. ಮೊದಲ ಮಹಾಯುದ್ಧದ ನಂತರದ ವರ್ಸೇಲ್ಸ್ ಸಂಧಿಗಾಗಿ 1919ರಲ್ಲಿ ಆಗಿನ ಅಧ್ಯಕ್ಷ ವುಡ್ರೋ ವಿಲ್ಸನ್ ಪ್ಯಾರಿಸ್‌ನಲ್ಲಿ ತಿಂಗಳುಗಟ್ಟಲೆ ಕೂತು ಚೌಕಾಸಿ ಮಾಡಿದರು. ಸೆನೆಟ್ ಒಪ್ಪಲೇ ಇಲ್ಲ. ಅವರೇ ಮುಂದೆ ನಿಂತು ಕಟ್ಟಿಸಿದ ರಾಷ್ಟ್ರಸಂಘಕ್ಕೆ (ಇಂದಿನ ವಿಶ್ವಸಂಸ್ಥೆಗೂ ಮೊದಲಿದ್ದ ಸಂಸ್ಥೆ) ಅವರ ದೇಶವೇ ಸೇರಲಿಲ್ಲ!

2015ರ ಇರಾನ್ ಅಣು ಒಪ್ಪಂದವನ್ನು ಒಬಾಮ ಸಂಧಿಯಾಗಿ ಸೆನೆಟ್ ಮುಂದೆ ಇಡಲಿಲ್ಲ. ಇಟ್ಟಿದ್ದರೂ ಅಷ್ಟು ಮತ ಸಿಗುತ್ತಿರಲಿಲ್ಲ ಬಿಡಿ. ಸೆನೆಟ್‌ನ ಮುದ್ರೆ ಇಲ್ಲದ್ದರಿಂದಲೇ 2018ರಲ್ಲಿ ಟ್ರಂಪ್ ಅದರಿಂದ ಸಲೀಸಾಗಿ ಹೊರಬಂದರು.

ಚೀನಾದ ಕಥೆ ಬೇರೆ. ನಿಕ್ಸನ್ 1972ರಲ್ಲಿ ಬೀಜಿಂಗ್‌ಗೆ ಹೋದರು. ಪೂರ್ಣ ರಾಜತಾಂತ್ರಿಕ ಸಂಬಂಧ ಶುರುವಾದದ್ದು 1979ರಲ್ಲಿ, ಬೇರೆ ಪಕ್ಷದ ಅಧ್ಯಕ್ಷ ಕಾರ್ಟರ್ ಕಾಲದಲ್ಲಿ. ಅಧ್ಯಕ್ಷರೂ ಪಕ್ಷವೂ ಬದಲಾದರೂ ನೀತಿ ತಲೆಕೆಳಗಾಗಲಿಲ್ಲ. ಪತ್ರಿಕೆಗಳು ಅಧ್ಯಕ್ಷರ ಭಾಷಣದ ಜತೆ ಸೆನೆಟ್‌ನ ಲೆಕ್ಕಾಚಾರವನ್ನೂ ಸ್ವಲ್ಪ ಜಾಸ್ತಿ ಬರೆಯಬಹುದು, ಅಲ್ವಾ?

– ಒಬ್ಬ ಓದುಗ