ನಿಮ್ಮ ಮರದ ಮಣಿಗಳನ್ನು ಪುಟ್ಟಿ ಗುರುತಿಸಿದಳು

ವಾಟ್‌ಫೋರ್ಡ್, ಇಂಗ್ಲೆಂಡ್
ಭಾನುವಾರ ರಾತ್ರಿ

ತೀರ್ಥರೂಪು ಅಪ್ಪನವರಿಗೆ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಪತ್ರ ನಿನ್ನೆ ಕೈಸೇರಿತು.

ಮೊದಲು ಅಮ್ಮನಿಗೆ ಹೇಳಿ: ಪುಟ್ಟಿ ಸ್ಕೌಟ್ಸ್ ಶಿಬಿರ ಮುಗಿಸಿ ಈ ಮಧ್ಯಾಹ್ನ ಬಂದಳು. ಜ್ವರವಿಲ್ಲ, ನೆಗಡಿಯಿಲ್ಲ. ಹುಡುಗಿಯರಿಗೆ ಬೇರೆ ಡೇರೆ ಇತ್ತು. ಜೊತೆಗಿದ್ದ ಹಿರಿಯರೆಲ್ಲ ಪೊಲೀಸ್ ದಾಖಲೆಗಳ ಪರಿಶೀಲನೆ ಆದವರು. ಅವಳಿಗೆ ಸಸ್ಯಾಹಾರವನ್ನೇ ಬೇರೆಯಾಗಿ ಮಾಡಿದರು. ಮಳೆ ಬಂದದ್ದು ನಿಜ, ಆದರೆ ಒಳಗೆ ಒಂದು ಹನಿಯೂ ಬೀಳಲಿಲ್ಲ. ನೆನೆದ ಕಟ್ಟಿಗೆಯ ಮೇಲ್ಪದರ ಕೆತ್ತಿ, ಒಳಗಿನ ಒಣ ಚಕ್ಕೆಯಿಂದ ಅವಳೇ ಬೆಂಕಿ ಹೊತ್ತಿಸಿದಳಂತೆ!

ಅಪ್ಪ, ಪತ್ರದ ಕೊನೆಯಲ್ಲಿ, ಹಾಲಿನವನ ಲೆಕ್ಕದ ಕೆಳಗೆ, ಒಂದೇ ಸಾಲು ಬರೆದಿದ್ದೀರಿ. ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತದೆ, ಕುಳಿತರೆ ಸರಿಹೋಗುತ್ತದೆ, ಗ್ಯಾಸ್ ಇರಬೇಕು ಎಂದು. ಅದನ್ನು ಓದಿದಾಗಿನಿಂದ ನನಗೆ ನಿದ್ದೆಯಿಲ್ಲ. ಎಷ್ಟು ದಿನಗಳಿಂದ ಹೀಗಾಗುತ್ತಿದೆ? ಅಮ್ಮನಿಗೆ ಗೊತ್ತೇ?

ಹೆಣ್ಣುಮಗು ಗೈಡ್ಸ್ ಬಿಟ್ಟು ಸ್ಕೌಟ್ಸ್ ಏಕೆ ಎಂದು ಕೇಳಿದ್ದಿರಿ. ಇಲ್ಲಿ ಗೈಡ್ಸ್ ಬೇರೆಯಾಗಿಯೇ ಇದೆ. ಆದರೆ 1991ರಿಂದ ಸ್ಕೌಟ್ಸ್‌ನ ಎಲ್ಲ ವಿಭಾಗಗಳೂ ಹುಡುಗಿಯರನ್ನು ಸೇರಿಸಿಕೊಳ್ಳಬಹುದಾಯಿತು, 2007ರಿಂದ ಯಾವ ತಂಡವೂ ಬೇಡ ಎನ್ನುವಂತಿಲ್ಲ. ನಾಲ್ಕು ವರ್ಷದ ಮಕ್ಕಳಿಗೂ ಒಂದು ವಿಭಾಗವಿದೆ. ಪುಟ್ಟಿಯದು ಹತ್ತೂವರೆಯಿಂದ ಹದಿನಾಲ್ಕರವರೆಗಿನದು. ಸೇರಲು ಒಂದು ವರ್ಷ ಕಾಯಬೇಕಾಯಿತು. ಮಕ್ಕಳು ಬೇಕಾದಷ್ಟಿದ್ದಾರೆ, ಕಲಿಸುವ ಹಿರಿಯರು ಸಾಲದು. ಅದಕ್ಕೇ ನಾನೂ ಗುರುವಾರ ಸಂಜೆ ಕೆಲಸದಿಂದ ನೇರವಾಗಿ ಅಲ್ಲಿಗೆ ಹೋಗುತ್ತೇನೆ. ದೊಡ್ಡ ಜಾತ್ರೆಯಲ್ಲಿ ನೀವು ಸ್ಕೌಟ್ ಹುಡುಗರನ್ನು ಕಟ್ಟಿಕೊಂಡು ರಥಬೀದಿಯಲ್ಲಿ ನೀರು ಹಂಚುತ್ತಿದ್ದಿರಲ್ಲ, ಆ ಬಿಸಿಲಿನಲ್ಲಿ ಹಾಗೇಕೆ ನಿಲ್ಲುತ್ತಿದ್ದಿರಿ ಎಂದು ಈಗ ತಿಳಿಯುತ್ತಿದೆ.

ಚರ್ಚಿಗೆ ಕರೆದೊಯ್ಯುತ್ತಾರೆ ಎಂಬ ಭಯವೂ ಅಮ್ಮನಿಗೆ ಬೇಡ. ಪ್ರತಿಜ್ಞೆಯಲ್ಲಿ ಹಿಂದೂ ಮಕ್ಕಳು 'ನನ್ನ ಧರ್ಮ' ಎನ್ನಬಹುದು, ಆ ಪದವನ್ನೇ. ನಮಗೆ ಇಲ್ಲಿನ ಪೌರತ್ವವಿಲ್ಲದ ಕಾರಣ ಪುಟ್ಟಿ 'ದೊರೆಗೆ' ಎನ್ನುವ ಬದಲು 'ನಾನು ಈಗ ವಾಸಿಸುತ್ತಿರುವ ದೇಶಕ್ಕೆ' ಎಂದಳು. ಕೇಳಿ ನನ್ನ ಕಣ್ಣು ತುಂಬಿತು.

ಶಿಬಿರ ನಡೆದದ್ದು ಲಂಡನ್ ಅಂಚಿನ ಗಿಲ್‌ವೆಲ್ ಪಾರ್ಕಿನಲ್ಲಿ. ಹೌದು ಅಪ್ಪ, ಅದೇ ಗಿಲ್‌ವೆಲ್. 1919ರಲ್ಲಿ ಸ್ಕೌಟ್ ಶಿಕ್ಷಕರ ಮೊದಲ ವುಡ್ ಬ್ಯಾಡ್ಜ್ ತರಬೇತಿ ನಡೆದ ಜಾಗ. ಅಲ್ಲೊಬ್ಬರು ಹಿರಿಯರ ಕೊರಳಲ್ಲಿ ಚರ್ಮದ ದಾರಕ್ಕೆ ಪೋಣಿಸಿದ ಎರಡು ಮರದ ಮಣಿಗಳನ್ನು ಕಂಡು ಪುಟ್ಟಿ, "ಇದು ನಮ್ಮ ತಾತನ ಹತ್ತಿರವೂ ಇದೆ" ಎಂದಳಂತೆ. ಅವರು ತಕ್ಷಣ ಸ್ಕೌಟ್ ಪದ್ಧತಿಯಂತೆ ಎಡಗೈ ಚಾಚಿ ಅವಳ ಕೈ ಕುಲುಕಿದರಂತೆ. ನಿಮ್ಮ ಹಿಮಾಲಯ ವುಡ್ ಬ್ಯಾಡ್ಜ್ ಟ್ರಂಕಿನಲ್ಲಿ ಅಮ್ಮನ ಧಾರೆ ಸೀರೆಯ ಕೆಳಗೇ ಇದೆ ತಾನೇ? ತೆಗೆದಿಡಿ, ಬೇಸಿಗೆಯಲ್ಲಿ ಬಂದಾಗ ಅವಳಿಗೆ ನೀವೇ ತೋರಿಸಬೇಕು.

ನೀವೇ ತೋರಿಸಬೇಕು, ಅಪ್ಪ. ಪ್ರಥಮ ಚಿಕಿತ್ಸೆ ಕಲಿಸುವಾಗ, ಎದೆನೋವನ್ನು ಹಗುರವಾಗಿ ಎಣಿಸಬೇಡಿ ಎಂದು ಹುಡುಗರಿಗೆ ಹೇಳುತ್ತಿದ್ದವರು ನೀವೇ. 'ಸಿದ್ಧರಾಗಿರಿ' ಎಂದು ಶಾಲೆಯ ಗೋಡೆಗೆ ಬರೆಸಿದವರೂ ನೀವೇ. ಸುರೇಶನಿಗೆ ಫೋನ್ ಮಾಡಿದ್ದೇನೆ. ನಾಳೆ ಬೆಳಿಗ್ಗೆ ಕಾರು ತರುತ್ತಾನೆ, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗಿ. ಇಸಿಜಿ, ಎಕೋ, ವೈದ್ಯರು ಹೇಳಿದರೆ ಟ್ರೆಡ್‌ಮಿಲ್, ಎಲ್ಲವೂ ಆಗಲಿ. ಹಣ ಅವನ ಖಾತೆಗೆ ಹಾಕಿದ್ದೇನೆ, ಅದರ ಮಾತೇ ಬೇಡ. ಕುಳಿತಾಗಲೂ ಬಿಗಿತ ಬಂದರೆ, ಬೆವರಿದರೆ, ಸುರೇಶನಿಗೂ ಕಾಯದೆ 108ಕ್ಕೆ ಕರೆ ಮಾಡಿ.

ಫೋನಿನಲ್ಲಾದರೆ ನೀವು ಮಾತು ಮರೆಸುತ್ತೀರಿ, ಅದಕ್ಕೇ ಬರೆದೆ. ಸುರೇಶನ ಮೊಬೈಲಿಗೆ ಕಳುಹಿಸುತ್ತಿದ್ದೇನೆ, ಅವನು ಓದಿ ಹೇಳುತ್ತಾನೆ. ಏನೂ ಆಗಿರುವುದಿಲ್ಲ, ಖಂಡಿತ ಏನೂ ಆಗಿರುವುದಿಲ್ಲ. ಆದರೂ ಹೋಗಿ. ಅಲ್ಲಿಯವರೆಗೆ ಮಹಡಿ ಹತ್ತಬೇಡಿ, ತೆಂಗಿನಕಾಯಿಯನ್ನು ಬೇರೆಯವರು ಇಳಿಸಲಿ.

ಪುಟ್ಟಿಯ ಕೆಸರಿನ ಬಟ್ಟೆಗಳು ಇನ್ನೂ ನೆನೆದಿವೆ. ನಿಲ್ಲಿಸುತ್ತೇನೆ. ಅಮ್ಮನಿಗೆ ನಮಸ್ಕಾರ.

ನಿಮ್ಮ ಮಗಳು,
ಶಾರದ

ಇಸಿಜಿ ಆದ ಕೂಡಲೇ ಫೋನ್ ಮಾಡಿಸಿ. ಇಲ್ಲಿ ನಡುರಾತ್ರಿಯಾಗಿದ್ದರೂ ಸರಿ.